ದ್ರಾಕ್ಷಿ ಹುಳಿಯಲ್ಲ, ಒಗರು

ಸಂಘದ ಪತ್ರಿಕೆಗೆ ಕೆಂಪು ವೈನಿನ ವಿಷಯ ಬರೆಯುತ್ತೇವೆ ಎಂದಾಗ ಸಂಪಾದಕರು ಸ್ವಲ್ಪ ಹೊತ್ತು ಸುಮ್ಮನಿದ್ದರು. "ಮನೆಮಂದಿಯೆಲ್ಲ ಓದುವ ಪತ್ರಿಕೆ, ನೋಡಿಕೊಂಡು ಬರೆಯಿರಿ" ಎಂದು ಆಮೇಲೆ ಹೇಳಿದರು. ಅವರ ಮಾತು ನ್ಯಾಯವಾದದ್ದೇ. ಆದರೆ ಇದು ಮನೆಮಂದಿಯೆಲ್ಲ ಒಟ್ಟಿಗೆ ಕುಳಿತು ಮಾತಾಡಿದ ವಿಷಯವೇ ಆದ್ದರಿಂದ ಮುಚ್ಚಿಡತಕ್ಕದ್ದೇನೂ ಇಲ್ಲ. ಊರಿನಲ್ಲಿರುವ ಒಬ್ಬ ರೈತ ನಮ್ಮನ್ನು ಒಂದು ಪ್ರಶ್ನೆ ಕೇಳಿದ. ಉತ್ತರ ಹುಡುಕಲು ಹೊರಟಾಗ ನಾಲಗೆಗೆ ಏನು ಸಿಕ್ಕಿತು, ಲೆಕ್ಕದ ಪುಸ್ತಕಕ್ಕೆ ಏನು ಸಿಕ್ಕಿತು ಎಂಬುದನ್ನು ಇದ್ದ ಹಾಗೆ ಬರೆದಿದ್ದೇವೆ.

ನಾವೆಂದರೆ ಪುಣೆಯ ಒಂದೇ ಸೊಸೈಟಿಯ ಐದು ಕನ್ನಡ ಮನೆಯವರು. ವಿಜಯಪುರದ ಕಡೆಯವರು ಒಬ್ಬರು, ಧಾರವಾಡದವರು ಒಬ್ಬರು, ಸಾಗರದವರು, ಮಂಗಳೂರಿನವರು, ಮೈಸೂರಿನವರು. ಗಣಪತಿ ಹಬ್ಬದಲ್ಲಿ ಕಡುಬಿಗೆ ಕೊಬ್ಬರಿಯೋ ಹಸಿ ತೆಂಗಿನಕಾಯಿಯೋ ಎಂದು ಪ್ರತಿವರ್ಷ ವಾದ ಮಾಡುವ ಮಂದಿ. ವಿಜಯಪುರದವರ ಅಕ್ಕನ ಮಗ ತಿಕೋಟಾದಲ್ಲಿ ಆರು ಎಕರೆ ದ್ರಾಕ್ಷಿ ಮಾಡಿದ್ದಾನೆ. ಆ ಸೀಮೆಯಲ್ಲಿ ಬಹುಪಾಲು ದ್ರಾಕ್ಷಿ ಒಣದ್ರಾಕ್ಷಿಯಾಗಲಿಕ್ಕೇ ಬೆಳೆಯುತ್ತದೆ. ಗೊನೆ ಕೊಯ್ದು ಔಷಧದ ನೀರಿನಲ್ಲಿ ಅದ್ದಿ, ನೆರಳಿನ ಶೆಡ್ಡಿನಲ್ಲಿ ಜಾಲರಿಯ ಮೇಲೆ ಹರವಿ, ಹದಿನೈದು ದಿನ ಒಣಗಿಸಿ, ಲಾರಿ ಹೇರಿ ತಾಸಗಾಂವಿಗೋ ಸಾಂಗಲಿಗೋ ಕಳಿಸುತ್ತಾರೆ. ನಾಲ್ಕು ಕಿಲೋ ಹಸಿ ಹಣ್ಣಿಗೆ ಒಂದು ಕಿಲೋ ಒಣದ್ರಾಕ್ಷಿ. ದರ ಮಾತ್ರ ಯಾರ ಕೈಯಲ್ಲೂ ಇಲ್ಲ. ಒಣಗುವ ಆ ಹದಿನೈದು ದಿನದಲ್ಲಿ ಮೋಡ ಕವಿದರೆ ಬಣ್ಣ ಕೆಡುತ್ತದೆ. ಬಣ್ಣ ಕೆಟ್ಟರೆ ದರ ಅರ್ಧಕ್ಕೆ ಇಳಿಯುತ್ತದೆ.

2024ರ ದೀಪಾವಳಿ ಕಳೆದ ವಾರ ಈ ಹುಡುಗ ಫೋನು ಮಾಡಿದ. ವೈನ್ ಮಾಡುವ ಒಂದು ಕಂಪನಿಯ ಕಡೆಯವರು ಊರಿಗೆ ಬಂದಿದ್ದರಂತೆ. ಕೆಂಪು ವೈನಿನ ಕರಿ ದ್ರಾಕ್ಷಿ ಹಚ್ಚಿದರೆ ಕಿಲೋಗೆ 45 ರೂಪಾಯಿಯಂತೆ ತೆಗೆದುಕೊಳ್ಳುತ್ತೇವೆ, ಒಣಗಿಸುವ ಉಸಾಬರಿ ಇಲ್ಲ, ಎಂದು ಬಾಯಿಮಾತು ಕೊಟ್ಟುಹೋಗಿದ್ದರು. "ಮಾಮಾ, ನೀವು ಪುಣೇದಾಗ ಇರೂದು ಯಾತಕ್ಕ? ನಾಕ್ ಬಾಟ್ಲಿ ತರಿಸಿ ರುಚಿ ನೋಡಿ ಹೇಳ್ರಿ. ನಮ್ಮ ಕಡೆ ಮಣ್ಣಾಗ ಬೆಳದ ದ್ರಾಕ್ಷಿದು ವೈನ್ ಮಂದಿ ಖರೇನ ಕುಡೀತಾರೋ, ಇಲ್ಲಾ ಒಂದ ಸಲ ಕುಡದು ಬಿಡ್ತಾರೋ? ಬಳ್ಳಿ ಒಮ್ಮೆ ಹಚ್ಚಿದ್ರ ಹದಿನೈದ ವರ್ಷ ಕಿತ್ತಾಂಗಿಲ್ರಿ" ಎಂದ.

ಪ್ರಶ್ನೆ ಸಣ್ಣದಲ್ಲ. ಸಹಕಾರಿ ಬ್ಯಾಂಕಿನ ಸಾಲ ಇರುವ ಮನೆ ಅದು. ಆದ್ದರಿಂದ ರುಚಿ ನೋಡುವುದೆಂದೇ ತೀರ್ಮಾನವಾಯಿತು.

ನಮ್ಮ ದಕ್ಷಿಣ ಭಾಗದ ವೈನಿನ ಚರಿತ್ರೆ ಉದ್ದವಾದದ್ದಲ್ಲ. ಫ್ರಾನ್ಸು ಇಟಲಿಗಳಲ್ಲಿ ಸಾವಿರಾರು ವರ್ಷದಿಂದ ತಾತ ಮುತ್ತಾತಂದಿರು ಇದೇ ಕೆಲಸ ಮಾಡಿಕೊಂಡು ಬಂದಿದ್ದಾರೆ. ಇಲ್ಲಿ 1980ರ ದಶಕದಲ್ಲಿ ಪುಣೆ ಜಿಲ್ಲೆಯ ನಾರಾಯಣಗಾಂವಿನಲ್ಲಿ ಶಾಮರಾವ್ ಚೌಗುಲೆಯವರು ನೊರೆಯುಕ್ಕುವ ವೈನ್ ಮಾಡಿ ಹೊರದೇಶಕ್ಕೆ ಕಳಿಸಿದರು. 1988ರಲ್ಲಿ ಕನ್ವಲ್ ಗ್ರೋವರ್ ದೊಡ್ಡಬಳ್ಳಾಪುರದ ಹತ್ತಿರ, ನಂದಿಬೆಟ್ಟದ ತಪ್ಪಲಿನಲ್ಲಿ ಫ್ರೆಂಚ್ ಬಳ್ಳಿಗಳನ್ನು ತಂದು ಕಟ್ಟಿದರು. ಅಮೆರಿಕದ ಕೆಲಸ ಬಿಟ್ಟು ಬಂದ ರಾಜೀವ್ ಸಾಮಂತ್ 1997ರಲ್ಲಿ ನಾಸಿಕದ ಹೊರಗೆ ಮೊದಲ ಬಳ್ಳಿ ಹಚ್ಚಿ, 2000ದಲ್ಲಿ ಬಾಟಲಿ ಹೊರಗೆ ತಂದರು. 2001ರಲ್ಲಿ ಮಹಾರಾಷ್ಟ್ರ ಸರಕಾರ ರಾಜ್ಯದಲ್ಲೇ ಮಾಡಿದ ವೈನಿಗೆ ಅಬಕಾರಿ ಸುಂಕ ಬಿಟ್ಟುಕೊಟ್ಟಿತು. ನಾಸಿಕ ಜಿಲ್ಲೆಯ ವಿಂಚೂರಿನಲ್ಲಿ, ಸಾಂಗಲಿ ಜಿಲ್ಲೆಯ ಪಲೂಸಿನಲ್ಲಿ ವೈನ್ ಪಾರ್ಕುಗಳಾದವು. ಕರ್ನಾಟಕದ ವೈನ್ ನೀತಿ 2007ರದು. ಅದೇ 2007ರಲ್ಲಿ ಇಟಲಿಯವರೂ ನಮ್ಮವರೂ ಸೇರಿ ಸೊಲ್ಲಾಪುರ ಜಿಲ್ಲೆಯ ಅಕಲೂಜಿನ ಕಡೆ ಫ್ರಾಟೆಲ್ಲಿ ಎಂಬ ಕಂಪನಿ ಕಟ್ಟಿದರು. ಇಟಾಲಿಯನ್ ಭಾಷೆಯಲ್ಲಿ ಹಾಗೆಂದರೆ ಅಣ್ಣತಮ್ಮಂದಿರು. ಮೊದಲ ಬಳ್ಳಿ ಹಚ್ಚಿದವರ ಮಕ್ಕಳು ಇನ್ನೂ ತೋಟ ನೋಡಿಕೊಳ್ಳುತ್ತಿರುವಷ್ಟು ಹೊಸ ಸೀಮೆ ಇದು. ಐನೂರು ವರ್ಷದ ತೋಟದ ಜೊತೆ ಇದನ್ನು ತೂಗಿ ನೋಡುವುದು ನಾಲ್ಕನೇ ಇಯತ್ತೆಯ ಹುಡುಗನನ್ನು ಪಂಡಿತರ ಎದುರು ಕೂರಿಸಿದ ಹಾಗೆ.

2025ರ ಜನವರಿಯ ಒಂದು ಶನಿವಾರ ಸಂಜೆ ಐದು ಬಾಟಲಿ ತಂದೆವು. ನಾಸಿಕದ ಎರಡು, ಅಕಲೂಜ ಕಡೆಯದೊಂದು, ನಂದಿ ಸೀಮೆಯದೊಂದು, ಬೆಂಗಳೂರು ನೀಲಿ ದ್ರಾಕ್ಷಿಯ ಸಿಹಿ ವೈನ್ ಒಂದು. ಎಲ್ಲಕ್ಕೂ ಹಳೆಯ ಪೇಪರು ಸುತ್ತಿ, ಮಕ್ಕಳ ಕೈಯಲ್ಲಿ ನಂಬರು ಬರೆಸಿದೆವು. ಹೆಸರು ಕಂಡರೆ ನಾಲಗೆ ಹೆಸರನ್ನೇ ಹೇಳುತ್ತದೆಂದು ಈ ಉಪಾಯ. ಯಾವ ಕಂಪನಿಯ ಬಾಟಲಿ ಯಾವುದೆಂದು ಇಲ್ಲಿಯೂ ಹೇಳುವುದಿಲ್ಲ. ಐದು ಮನೆಯವರ ಒಂದು ಸಂಜೆಯ ಬಾಯಿರುಚಿ ಯಾರದೇ ಕೆಲಸಕ್ಕೆ ತೀರ್ಪಾಗಬಾರದು.

ರುಚಿ ನೋಡುವ ಪದ್ಧತಿಯಲ್ಲಿ ಉಗುಳುವುದು ಮುಖ್ಯ. ಗುಟುಕನ್ನು ಬಾಯಲ್ಲಿ ಆಡಿಸಿ, ಮೂಗಿಗೆ ಪರಿಮಳ ಏರುವ ತನಕ ಹಿಡಿದು, ಪಾತ್ರೆಗೆ ಉಗುಳಬೇಕು. ನುಂಗಿದರೆ ಮೂರನೆಯ ಬಾಟಲಿಯ ಹೊತ್ತಿಗೆ ತೀರ್ಪುಗಾರರೇ ಜಾರಿಬಿಡುತ್ತಾರೆ. ಉಗುಳುವುದಕ್ಕೆ ಧಾರವಾಡದವರ ಮನೆಯ ಹಿತ್ತಾಳೆ ಪೀಕದಾನಿ ಹೊರಬಂತು. ಎಲೆಅಡಿಕೆಯ ಮೂರು ತಲೆಮಾರು ಕಂಡ ಪೀಕದಾನಿ ಅದು. ಈ ಏರ್ಪಾಡಿನಿಂದಾಗಿ, ಜನ್ಮದಲ್ಲಿ ಮುಟ್ಟದಿದ್ದ ಇಬ್ಬರು ಗೃಹಿಣಿಯರೂ "ಉಗುಳುವುದಾದರೆ ಅಡ್ಡಿಯಿಲ್ಲ" ಎಂದು ಕುಳಿತರು. ಇನ್ನೊಂದು ಮಾತು. ಕೆಂಪು ವೈನನ್ನು ಕೋಣೆಯ ಬಿಸಿಯಲ್ಲಿ ಕೊಡಬೇಕೆಂದು ಪುಸ್ತಕಗಳಲ್ಲಿದೆ. ಅದು ಯೂರೋಪಿನ ಕೋಣೆ. ಹದಿನಾರು ಹದಿನೆಂಟು ಡಿಗ್ರಿಯದು. ನಮ್ಮ ಏಪ್ರಿಲಿನ ಕೋಣೆಯಲ್ಲಿ ಅದೇ ವೈನ್ ಕಾದ ಕಷಾಯದಂತೆ ಮದ್ಯಸಾರದ ಘಾಟು ಹೊಡೆಯುತ್ತದೆ. ಅರ್ಧ ಗಂಟೆ ಫ್ರಿಜ್ಜಿನಲ್ಲಿಟ್ಟು ತೆಗೆದರೆ ಸರಿಹೋಗುತ್ತದೆ.

ಮೊದಲನೆಯದು ನಾಸಿಕದ ಶಿರಾಜ್, ಮರದ ಪೀಪಾಯಿ ಕಾಣದ ಎಳೆಯ ವೈನ್. ಬಿಳಿ ಕಾಗದದ ಮುಂದೆ ಹಿಡಿದರೆ ನೇರಳೆಹಣ್ಣು ತಿಂದ ನಾಲಗೆಯ ಬಣ್ಣ. ಸಾಗರದ ಅಕ್ಕ ಲೋಟವನ್ನು ಮೂಗಿಗೆ ತಂದವರೇ, "ಅಯ್ಯ, ಕಾಳುಮೆಣಸು ಒಣಹಾಕಿದ ಅಂಗಳದ ವಾಸನೆ ಇದು" ಎಂದರು. ನಾವು ನಕ್ಕೆವು. ಆಮೇಲೆ ಓದಿ ನೋಡಿದರೆ, ಅಕ್ಕನ ಮೂಗು ವಿಜ್ಞಾನಿಯ ಮೂಗೇ ಆಗಿತ್ತು: ಕಾಳುಮೆಣಸಿನ ಪರಿಮಳಕ್ಕೆ ಕಾರಣವಾದ ರೋಟಂಡೋನ್ ಎಂಬ ಪದಾರ್ಥವೇ ಶಿರಾಜ್ ದ್ರಾಕ್ಷಿಯ ಸಿಪ್ಪೆಯಲ್ಲಿಯೂ ಇರುತ್ತದಂತೆ. ಮಲೆನಾಡಿನ ಬಳ್ಳಿಗೂ ಫ್ರಾನ್ಸಿನ ಬಳ್ಳಿಗೂ ಹೀಗೊಂದು ನೆಂಟಸ್ತಿಕೆ. ಬಾಯಿಗೆ ಹಣ್ಣಿನ ರುಚಿ ಮುಂದಾಗಿ ಬಂತು, ಹಿಂದೆ ಸ್ವಲ್ಪ ಬಿಸಿ. ಎಂಟು ಜನರಲ್ಲಿ ಆರು ಮಂದಿ ಇದಕ್ಕೆ ಒಳ್ಳೆಯ ಅಂಕ ಕೊಟ್ಟರು.

ಎರಡನೆಯದೂ ಶಿರಾಜೇ, ದಿಂಡೋರಿ ಕಡೆಯದು, ಓಕ್ ಪೀಪಾಯಿಯಲ್ಲಿ ಒಂದು ವರ್ಷ ಇಟ್ಟದ್ದು. ಬೆಲೆ ಮೊದಲನೆಯದರ ಎರಡರಷ್ಟು. ಹೊಗೆ, ವೆನಿಲಾ, ಸುಟ್ಟ ಕಟ್ಟಿಗೆ. ಮರದ ಮಾತೇ ಜಾಸ್ತಿಯಾಗಿ ಹಣ್ಣಿನ ಮಾತು ಕೇಳಿಸಲಿಲ್ಲ ಎಂಬುದು ನಮ್ಮ ಅಭಿಪ್ರಾಯ. ಮದುವೆಯಲ್ಲಿ ವಾಲಗದವರು ಜೋರಾಗಿ ಮಂತ್ರವೇ ಕೇಳದ ಹಾಗೆ. ಮೈಸೂರಿನವರು ಮಾತ್ರ ಇದೇ ಶ್ರೇಷ್ಠವೆಂದು ಕೊನೆಯ ತನಕ ಹಟ ಹಿಡಿದರು.

ಮೂರನೆಯದು ಅಕಲೂಜ ಕಡೆಯ ಸಾಂಜೊವೇಸೆ. ಇಟಲಿಯ ತಳಿ. ಬಣ್ಣ ತಿಳಿ, ಹುಳಿ ಮುಂದು. ಮಂಗಳೂರಿನವರು ಒಂದೇ ಗುಟುಕಿಗೆ "ಪುನರ್ಪುಳಿ!" ಎಂದರು. ಸಾರಿನಂತೆ ಊಟದ ಜೊತೆ ಹೊಂದುವ ವೈನ್ ಇದು, ಬರಿಬಾಯಿಗೆ ತೆಳುವೆನಿಸುತ್ತದೆ. ಜೋಳದ ರೊಟ್ಟಿ, ಎಣ್ಣೆಗಾಯಿ ಬಂದ ಮೇಲೆ ಎಲ್ಲರೂ ಮತ್ತೆ ಇದರ ಕಡೆಗೇ ಕೈ ಚಾಚಿದರು.

ನಾಲ್ಕನೆಯದರ ಮುಂದೆ ತುಸು ನಿಲ್ಲಬೇಕು. ನಂದಿ ಸೀಮೆಯ ಕ್ಯಾಬರ್ನೆ ಮತ್ತು ಶಿರಾಜ್ ಕೂಡಿಸಿದ್ದು. ಮೂಗಿಗೆ ದಪ್ಪ ಮೆಣಸಿನಕಾಯಿ ಹೆಚ್ಚಿದ ಹಸಿರು ವಾಸನೆ, ಅದರ ಹಿಂದೆ ಕರಿದಾದ ಹಣ್ಣು. ಗುಟುಕು ಒಳಗೆ ಹೋದೊಡನೆ ಕೆನ್ನೆಯ ಒಳಭಾಗವನ್ನು ಯಾರೋ ಹಿಡಿದೆಳೆದ ಹಾಗೆ ಬಾಯೆಲ್ಲ ಒಣಗಿ ಬಿಗಿಯಿತು. ನಮ್ಮ ಮಕ್ಕಳು, ಇಂಗ್ಲಿಷ್ ಶಾಲೆಯ ಮಕ್ಕಳು, "ಅದು ಟ್ಯಾನಿನ್" ಎಂದು ತಿಳಿಸಿಕೊಟ್ಟರು. ನಮಗೆ ಆ ಪದ ಏಕೆ ಬೇಕು? ಒಗರು ಎಂಬ ಮಾತು ನಮ್ಮಲ್ಲಿ ಹಿಂದಿನಿಂದ ಇದೆಯಲ್ಲ! ಸಿಹಿ, ಹುಳಿ, ಉಪ್ಪು, ಖಾರ, ಕಹಿ ಆದಮೇಲೆ ಆರನೆಯದಾಗಿ ನಮ್ಮ ಹಿರಿಯರು ಎಣಿಸಿದ ರುಚಿ ಅದು. ನೆಲ್ಲಿಕಾಯಿಯ ಮೊದಲ ಕಚ್ಚು, ಎಳೆಯ ಬಾಳೆಕಾಯಿಯ ಸಿಪ್ಪೆ, ಪೂರ್ತಿ ಹಣ್ಣಾಗದ ನೇರಳೆ, ವೀಳ್ಯದ ಕಾಚು. ಇವೆಲ್ಲ ತಿಂದು ಬೆಳೆದವರಿಗೆ ಕೆಂಪು ವೈನ್ ಪರಕೀಯವಾಗಿ ಕಾಣಬೇಕಾಗಿಲ್ಲ. ಪ್ರಪಂಚದ ಎಷ್ಟೋ ಜನ ಕೆಂಪು ವೈನನ್ನು ಮೊದಲ ಸಲ ಕುಡಿದು ಮುಖ ಸಿಂಡರಿಸುವುದು ಈ ಒಗರಿಗೇ.

ಸಾಗರದ ಅಕ್ಕ ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. "ಇದು ಚೊಗರು ಕಣ್ರೀ" ಎಂದರು. ಅಡಿಕೆ ಸೀಮೆಯವರಲ್ಲದವರಿಗೆ ಹೇಳಬೇಕು: ಹಸಿ ಅಡಿಕೆಯನ್ನು ಸುಲಿದು ನೀರಿನಲ್ಲಿ ಬೇಯಿಸಿದಾಗ ಹಂಡೆಯಲ್ಲಿ ಉಳಿಯುವ ಕಡುಗೆಂಪು ಗಟ್ಟಿ ರಸವೇ ಚೊಗರು. ಅಡಿಕೆಗೆ ಬಣ್ಣವೂ ಹೊಳಪೂ ಅದರಿಂದ. ಚೊಗರು ತೆಳ್ಳಗಾದರೆ ಬಣ್ಣ ಕೂರುವುದಿಲ್ಲ, ಅತಿಯಾದರೆ ಅಡಿಕೆ ಕಪ್ಪಾಗಿ ದರ ಬೀಳುತ್ತದೆ. ಹದ ನೋಡುವವರ ಕೈ ಊರಿಗೆ ಒಂದೋ ಎರಡೋ. ಕೆಂಪು ವೈನಿನಲ್ಲಿಯೂ ನಡೆಯುವುದು ಹತ್ತಿರ ಹತ್ತಿರ ಇದೇ. ಕರಿ ದ್ರಾಕ್ಷಿಯನ್ನು ಹಿಸುಕಿ ನೋಡಿದರೆ ತಿಳಿಯುತ್ತದೆ, ಒಳಗಿನ ರಸ ಬಹುಪಾಲು ತಳಿಗಳಲ್ಲಿ ಬಣ್ಣವಿಲ್ಲದ್ದು. ಕೆಂಪೂ ಒಗರೂ ಸಿಪ್ಪೆಯಲ್ಲಿವೆ, ಬೀಜದಲ್ಲಿವೆ. ಬಿಳಿ ವೈನಿಗೆ ಸಿಪ್ಪೆಯನ್ನು ಮೊದಲೇ ಬೇರ್ಪಡಿಸುತ್ತಾರೆ. ಕೆಂಪಿಗೆ ಸಿಪ್ಪೆಯ ಸಮೇತ ಹುದುಗು ಬರಿಸಿ ದಿನಗಟ್ಟಲೆ ನೆನೆಸುತ್ತಾರೆ. ಮೇಲೆ ತೇಲಿ ಬರುವ ಸಿಪ್ಪೆಯ ಗಟ್ಟಿಯನ್ನು ದಿನಕ್ಕೆ ಎರಡು ಮೂರು ಸಲ ಒಳಕ್ಕೆ ಒತ್ತುತ್ತಾರೆ. ಎಷ್ಟು ದಿನ ಎಂಬುದೇ ವಿದ್ಯೆ. ಎಲ್ಲ ತಿಳಿದಮೇಲೆ ನಾಲ್ಕನೆಯದಕ್ಕೆ ಅಕ್ಕ ಹತ್ತಕ್ಕೆ ಎಂಟು ಕೊಟ್ಟರು. "ಹದ ಗೊತ್ತಿದ್ದವರು ಮಾಡಿದ್ದಾರೆ, ಹಣ್ಣು ಮಾತ್ರ ಒಂದು ವಾರ ಬಳ್ಳಿಯಲ್ಲಿ ಇರಬೇಕಿತ್ತು" ಎಂಬುದು ಅವರ ಷರಾ.

ಆ ಒಂದು ವಾರದ ಮಾತಿನಲ್ಲಿ ಈ ಸೀಮೆಯ ಕಷ್ಟವೆಲ್ಲ ಇದೆ. ಯೂರೋಪಿನಲ್ಲಿ ದ್ರಾಕ್ಷಿ ಮಾಗುವುದು ಬೇಸಗೆ ಇಳಿದು ಚಳಿ ಏರುವ ಕಾಲದಲ್ಲಿ. ಹಣ್ಣು ನಿಧಾನವಾಗಿ, ಸಿಪ್ಪೆ ಬೀಜ ಸಮೇತ ಪಕ್ವವಾಗುತ್ತದೆ. ನಮ್ಮಲ್ಲಿ ಬಳ್ಳಿಗೆ ಚಳಿಗಾಲದ ನಿದ್ದೆಯೇ ಇಲ್ಲ. ವರ್ಷಕ್ಕೆ ಎರಡು ಸಲ ಸವರಿ ಅದಕ್ಕೆ ಕಾಲ ತೋರಿಸಬೇಕು. ಏಪ್ರಿಲ್ ಚಾಟಣಿ ಒಂದು, ಸೆಪ್ಟೆಂಬರ್ ಅಕ್ಟೋಬರಿನ ಚಾಟಣಿ ಇನ್ನೊಂದು ಎಂದು ತಿಕೋಟಾದವರೂ ಮರಾಠಿ ಮಾತನ್ನೇ ಹೇಳುತ್ತಾರೆ. ಜನವರಿಯಿಂದ ಮಾರ್ಚಿಗೆ ಕೊಯ್ಲು. ಅಂದರೆ ಹಣ್ಣು ಮಾಗುವ ಹೊತ್ತಿಗೆ ಬಿಸಿಲು ಏರುತ್ತಿರುತ್ತದೆ. ಸಕ್ಕರೆ ಓಡುತ್ತದೆ, ಹುಳಿ ಬೀಳುತ್ತದೆ, ಸಿಪ್ಪೆಯ ಒಗರು ಮಾತ್ರ ಹಿಂದೆ ಉಳಿದು ಹಸಿಯಾಗಿರುತ್ತದೆ. ಕಾಯೋಣವೆಂದರೆ ಹಣ್ಣು ಬೆಂದ ಜಾಮಿನ ಹಾಗಾಗುತ್ತದೆ. ಬೇಗ ಕೊಯ್ದರೆ ದಪ್ಪ ಮೆಣಸಿನಕಾಯಿ. ನಾಸಿಕಕ್ಕೆ ಜನವರಿಯ ತಣ್ಣನೆಯ ರಾತ್ರಿಗಳಿವೆ, ನಂದಿಗೆ ಎತ್ತರವಿದೆ. ವಿಜಯಪುರಕ್ಕೆ ಒಣ ಹವೆ ಉಂಟು, ಅದರಿಂದ ರೋಗ ಕಡಿಮೆ. ತಂಪು ಮಾತ್ರ ಸಾಲದು.

ಐದನೆಯ ಬಾಟಲಿಗೆ ವಿಮರ್ಶೆ ಬೇಕಾಗಲಿಲ್ಲ. ಮುಚ್ಚಳ ತೆಗೆದ ಕೂಡಲೆ ಎಲ್ಲರಿಗೂ ಗುರುತು ಸಿಕ್ಕಿತು. ಬೆಂಗಳೂರು ನೀಲಿ! ಬೀಜವಿರುವ, ಸಿಪ್ಪೆ ದಪ್ಪಗಿರುವ, ಪುಟ್ಟ ಕರಿ ದ್ರಾಕ್ಷಿ. ಬೆಂಗಳೂರು ಗ್ರಾಮಾಂತರ, ಚಿಕ್ಕಬಳ್ಳಾಪುರ, ಕೋಲಾರದ ಕಡೆಯದು. 2013ರಲ್ಲಿ ಅದಕ್ಕೆ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿದೆ. ತಜ್ಞರು ಇದರ ವೈನಿನ ವಾಸನೆಗೆ ಮೂಗು ಮುರಿಯುತ್ತಾರೆ. ಆದರೆ ಕ್ರಿಸ್ಮಸ್ಸಿನಲ್ಲಿ ನೆರೆಮನೆಯವರು ಕೇಕಿನ ಜೊತೆ ಪುಟ್ಟ ಗ್ಲಾಸಿನಲ್ಲಿ ಕೊಟ್ಟದ್ದು ನೆನಪಿರುವವರಿಗೆ, ಭರಣಿಯಲ್ಲಿ ಸಕ್ಕರೆ ಸುರಿದು ಮನೆಯಲ್ಲೇ ಮಾಡಿದ ಆ ವೈನ್ ಇದೇ ತಾನೆ? ಮಂಗಳೂರಿನವರೂ ಮೈಸೂರಿನವರೂ ಉಗುಳುವ ನಿಯಮವನ್ನು ಇಲ್ಲಿ ಮರೆತರು.

ಆ ಸಂಜೆ ಒಬ್ಬರು ಲೋಟ ಮುಟ್ಟಲಿಲ್ಲ. ಧಾರವಾಡದವರು. ಅಂಕ ಬರೆದುಕೊಳ್ಳುವ ಕೆಲಸ ತಾವಾಗಿ ತೆಗೆದುಕೊಂಡರು. ಅವರ ಅಣ್ಣ ಪಾಕೀಟು ಸಾರಾಯಿಯಲ್ಲಿ ಹೊಲ ಕಳೆದು, ನಲವತ್ತು ದಾಟುವ ಮೊದಲೇ ಹೋದವರು. ಇದು ನಮಗೆಲ್ಲ ತಿಳಿದ ವಿಷಯ, ಯಾರೂ ಒತ್ತಾಯಿಸಲಿಲ್ಲ. ಕರ್ನಾಟಕದಲ್ಲಿ ಸಾರಾಯಿ ನಿಂತದ್ದು 2007ರ ಜುಲೈ 1ರಿಂದ. ಅದೇ ವರ್ಷವೇ ವೈನ್ ನೀತಿಯೂ ಬಂತು. ಒಂದು ಕೈಯಿಂದ ಬಡವನ ಪಾಕೀಟು ಕಿತ್ತುಕೊಂಡು, ಇನ್ನೊಂದು ಕೈಯಿಂದ ಇದ್ದವರ ಬಾಟಲಿಗೆ ಹಾರ ಹಾಕಿದಂತಾಯಿತಲ್ಲ ಎಂದು ಅವರು ಕೇಳಿದರು. ದ್ರಾಕ್ಷಿಯ ರೈತನಿಗಾಗಿ ಎಂದು ಒಬ್ಬರು ಸಮಾಧಾನ ಹೇಳಿದರು. "ನಮ್ಮಣ್ಣನೂ ರೈತನೇ" ಎಂದರು ಅವರು. ಅದರ ಮೇಲೆ ಸ್ವಲ್ಪ ಹೊತ್ತು ಶೇಂಗಾ ಸುಲಿಯುವ ಸದ್ದು ಬಿಟ್ಟರೆ ಬೇರೇನೂ ಇರಲಿಲ್ಲ. ಈ ವಾದ ಹೊಸದಲ್ಲ. 2022ರ ಜನವರಿಯಲ್ಲಿ ಮಹಾರಾಷ್ಟ್ರ ಸಚಿವ ಸಂಪುಟ ದೊಡ್ಡ ಅಂಗಡಿಗಳಲ್ಲಿ ವೈನ್ ಮಾರಲು ಒಪ್ಪಿದಾಗ ಅಣ್ಣಾ ಹಜಾರೆ ಉಪವಾಸದ ಎಚ್ಚರಿಕೆ ಕೊಟ್ಟಿದ್ದರು. ರೈತನ ಹೆಸರನ್ನು ಆಗ ಎರಡೂ ಪಕ್ಷದವರು ಹೇಳಿದರು.

ಕೊನೆಗೆ ಮೌನ ಮುರಿದವರೂ ಧಾರವಾಡದವರೇ. ತಮ್ಮ ಅಜ್ಜಿ ದಿನಾ ಮಧ್ಯಾಹ್ನ ಎರಡು ಚಮಚ ದ್ರಾಕ್ಷಾರಿಷ್ಟ ಕುಡಿದು, "ಇವತ್ತ ಛಲೋ ನಿದ್ದಿ ಬಂತು" ಎನ್ನುತ್ತಿದ್ದರೆಂದು ಹೇಳಿ ನಗಿಸಿದರು. ಅದರ ಸೀಸೆಯ ಮೇಲೂ ತಾನಾಗಿ ಹುಟ್ಟಿದ ಮದ್ಯಸಾರ ಇಷ್ಟೆಂದು ಬರೆದಿರುತ್ತದೆ. ಧಾತಕಿ ಹೂವು ಹಾಕಿ ಹುದುಗು ಬರಿಸುವ ಆಸವ ಅರಿಷ್ಟಗಳ ಪದ್ಧತಿ ನಮ್ಮ ಆಯುರ್ವೇದದಲ್ಲಿ ಬಹಳ ಹಳೆಯದು.

ಅಂಕಗಳನ್ನು ಕೂಡಿಸಿದಾಗ ನಾಲ್ಕನೆಯದು ಮೊದಲು, ಮೊದಲನೆಯದು ಎರಡನೆಯದಾಗಿ ಬಂತು. ಮಂದಿ ಖರೇನೇ ಕುಡಿಯುತ್ತಾರೋ ಎಂಬ ಪ್ರಶ್ನೆಗೆ ನಮ್ಮ ನಾಲಗೆಯ ಉತ್ತರ ಹೌದು ಎಂದೇ. ಪೂರ್ತಿ ದೋಷವಿಲ್ಲದ್ದು ಯಾವುದೂ ಇರಲಿಲ್ಲ, ಚೆಲ್ಲಬೇಕಾದದ್ದೂ ಇರಲಿಲ್ಲ. ಹೊರದೇಶದ ಬಾಟಲಿಯ ಮುಂದೆ ತಲೆತಗ್ಗಿಸುವ ಕಾಲ ಕಳೆದಿದೆ. ಆದರೆ ಬಾಟಲಿ ಚೆನ್ನಾಗಿದ್ದ ಮಾತ್ರಕ್ಕೆ ಬಳ್ಳಿ ಹಚ್ಚಿದವನು ಚೆನ್ನಾಗಿರುತ್ತಾನೆ ಎಂದಾಗಲಿಲ್ಲ. ಹಾಗಾಗಿ ಮರುದಿನ ಭಾನುವಾರ ಪೆನ್ಸಿಲು ಹಿಡಿದು ಕುಳಿತೆವು.

ಒಂದು ಎಕರೆಯಲ್ಲಿ ಒಣದ್ರಾಕ್ಷಿಗೆ ಹತ್ತು ಟನ್ ಹಸಿ ಹಣ್ಣು ಬರುತ್ತದೆಂದು ಅವನೇ ಹೇಳಿದ್ದ. ಒಣಗಿದರೆ ಎರಡೂವರೆ ಟನ್. ಕಿಲೋಗೆ 100 ರೂಪಾಯಿ ಸಿಕ್ಕ ವರ್ಷ ಎರಡೂವರೆ ಲಕ್ಷ. 200 ಸಿಕ್ಕರೆ ಐದು ಲಕ್ಷ. ವೈನಿನ ದ್ರಾಕ್ಷಿಗೆ ಬಳ್ಳಿಯ ಮೇಲೆ ಅಷ್ಟು ಗೊನೆ ಬಿಡುವಂತಿಲ್ಲ. ಗೊನೆ ಕಡಿಮೆಯಾದರೇನೇ ರುಚಿ ಗಟ್ಟಿ. ನಾಲ್ಕೂವರೆ ಟನ್ ಎಂದು ಹಿಡಿದರೆ 45 ರೂಪಾಯಿಯಂತೆ ಎರಡು ಲಕ್ಷದ ಮೇಲೆ ಎರಡೂವರೆ ಸಾವಿರ. ಕಡಿಮೆಯೇ. ಆದರೆ ಅದ್ದುವ ಎಣ್ಣೆ, ಶೆಡ್ಡು, ಹಳದಿ ಬಣ್ಣಕ್ಕೆ ಗಂಧಕದ ಹೊಗೆ, ಆರಿಸುವ ಹೆಣ್ಣಾಳು, ಸಾಂಗಲಿಯ ಲಾರಿ ಇವೆಲ್ಲ ಉಳಿಯುತ್ತವೆ. ಮೋಡದ ಭಯವೂ ಅಷ್ಟಿಲ್ಲ. ಬ್ರಿಕ್ಸ್ ಮೀಟರು ಇಪ್ಪತ್ತೆರಡು ಇಪ್ಪತ್ತಮೂರು ತೋರಿಸಿದ ದಿನ ನಸುಕಿನಲ್ಲಿ ಕೊಯ್ದು ಕಳಿಸಿದರೆ ಮುಗಿಯಿತು.

ಮುಗಿಯಿತೇ? ಒಂದು ಬಾಟಲಿಗೆ ಬೇಕಾಗುವುದು ಒಂದು ಕಿಲೋ, ಹೆಚ್ಚೆಂದರೆ ಅದಕ್ಕೆ ಮೇಲೆ ಇನ್ನೂರು ಗ್ರಾಂ ದ್ರಾಕ್ಷಿ. ನಾವು ತಂದ ನಾಲ್ಕನೆಯ ಬಾಟಲಿಗೆ ಸಾವಿರದ ಮೇಲೆ ಕೊಟ್ಟಿದ್ದೆವು. ಅದರಲ್ಲಿ ರೈತನ ಪಾಲು ಐವತ್ತೋ ಅರವತ್ತೋ. ಉಳಿದದ್ದು ಗಾಜು, ಬೂಚು, ಪೀಪಾಯಿ, ಬಡ್ಡಿ, ಅಂಗಡಿ, ಸುಂಕ. ಸುಂಕದ ಒಂದು ವಿಚಿತ್ರ ಕೇಳಿ: ಒಂದು ರಾಜ್ಯದ ವೈನ್ ಇನ್ನೊಂದು ರಾಜ್ಯಕ್ಕೆ ಹೋದರೆ ಅದು ಹೊರಗಿನ ಸರಕು. ಬೇರೆ ಕಾನೂನು, ಬೇರೆ ಶುಲ್ಕ, ಚೀಟಿಯ ನೋಂದಣಿ ಬೇರೆ. ನಂದಿಯ ವೈನ್ ಪುಣೆಯಲ್ಲಿ ಹೊರನಾಡ ಕನ್ನಡಿಗ! ಅದರ ಕಷ್ಟ ನಮಗೆ ತಕ್ಷಣ ಅರ್ಥವಾಯಿತು.

ಎಲ್ಲಕ್ಕಿಂತ ದೊಡ್ಡ ಮಾತು, ಕೊಳ್ಳುವವನು ಕೊಳ್ಳದೆ ಹೋದರೆ ಏನು? ಮಾಗಿದ ಟೇಬಲ್ ದ್ರಾಕ್ಷಿಯನ್ನು ರಸ್ತೆಯ ಬದಿಗಾದರೂ ಇಟ್ಟು ಮಾರಬಹುದು, ಒಣಗಿಸಬಹುದು. ಶಿರಾಜ್, ಕ್ಯಾಬರ್ನೆ ಕಾಳು ಕಡಲೆಯಷ್ಟು ಚಿಕ್ಕದು, ತುಂಬ ಬೀಜ, ದಪ್ಪ ಸಿಪ್ಪೆ. ಮಾರುಕಟ್ಟೆಯಲ್ಲಿ ಮಕ್ಕಳೂ ಮೂಸುವುದಿಲ್ಲ. ವೈನರಿಯ ಬಾಗಿಲು ಮುಚ್ಚಿದರೆ ಅದಕ್ಕೆ ಬೇರೆ ಗತಿಯಿಲ್ಲ. ಇದು ಬರೀ ಊಹೆಯ ಮಾತಾಗಿದ್ದರೆ ಬಿಡಬಹುದಿತ್ತು. 2001ರ ನಂತರ ಮಹಾರಾಷ್ಟ್ರದಲ್ಲಿ ವೈನರಿಗಳು ಒಂದರ ಹಿಂದೊಂದು ಎದ್ದವು. ರೈತರು ಟೇಬಲ್ ದ್ರಾಕ್ಷಿ ಕಿತ್ತು ವೈನ್ ದ್ರಾಕ್ಷಿ ಹಚ್ಚಿದರು. 2008ರಲ್ಲಿ ಪ್ರಪಂಚದ ಹಣದ ಮುಗ್ಗಟ್ಟು ಬಂತು, ನವೆಂಬರಿನಲ್ಲಿ ಮುಂಬಯಿಯ ಹೋಟೆಲುಗಳ ಮೇಲೆ ದಾಳಿಯಾಯಿತು, ಪ್ರವಾಸಿಗಳು ನಿಂತರು. ಟ್ಯಾಂಕುಗಳಲ್ಲಿ ವೈನ್ ತುಂಬಿ ನಿಂತಿತು. ಮುಂದಿನ ಎರಡು ಕೊಯ್ಲುಗಳಲ್ಲಿ ಎಷ್ಟೋ ತೋಟದ ಹಣ್ಣಿಗೆ ಗಿರಾಕಿಯಿಲ್ಲ. ಕೊಟ್ಟವರಿಗೂ ಹಣ ಬರುವುದು ತಡವಾಯಿತು. ನಾಸಿಕ ಜಿಲ್ಲೆಯಲ್ಲಿ ರೈತರು ಐದಾರು ವರ್ಷದ ಬಳ್ಳಿಗಳನ್ನು ಬುಡಸಮೇತ ಕಿತ್ತು ಹಾಕಿದರು. ಆಮೇಲೆ ಉಳಿದುಕೊಂಡ ವೈನರಿಗಳು ಚೇತರಿಸಿಕೊಂಡವು, ಈಗ ಫೆಬ್ರವರಿಯಲ್ಲಿ ತೋಟ ನೋಡಲು ಮುಂಬಯಿ ಪುಣೆಯಿಂದ ಕಾರಿನ ಸಾಲೇ ಹೋಗುತ್ತದೆ. ಕಿತ್ತ ಬಳ್ಳಿಯವರು ಟೊಮೆಟೊ ಈರುಳ್ಳಿಗೆ ಹೋದವರು ಹೋದರು.

ಇದನ್ನೆಲ್ಲ ತಿಕೋಟಾಕ್ಕೆ ಫೋನಿನಲ್ಲಿ ಹೇಳಿದೆವು. ರುಚಿಯ ಮಾತು ಮೊದಲು ಹೇಳಿದಾಗ ಅವನಿಗೆ ಖುಷಿಯಾಯಿತು. ಲೆಕ್ಕ ಹೇಳಿದಾಗ "ಹೂಂ" ಎಂದ. ನಾಸಿಕದ್ದು ಹೇಳಿದಾಗ ಸುಮ್ಮನಾದ. ಪುಣೆಗೆ ಬಾ ಎಂದು ಕರೆಸಿ, ಹಡಪಸರದ ಆಚೆ ಮಾಂಜರಿಯಲ್ಲಿರುವ ರಾಷ್ಟ್ರೀಯ ದ್ರಾಕ್ಷಿ ಸಂಶೋಧನಾ ಕೇಂದ್ರಕ್ಕೆ ಕರೆದುಕೊಂಡು ಹೋದೆವು. 1997ರಿಂದ ಇರುವ ಕೇಂದ್ರ ಅದು. ಅಲ್ಲಿ ಮಾಂಜರಿ ಮೆಡಿಕಾ ಎಂಬ ಅವರದೇ ತಳಿಯ ಹಣ್ಣು ಹಿಸುಕಿ ತೋರಿಸಿದರು. ಅದರ ರಸವೇ ಕೆಂಪು, ಜ್ಯೂಸಿಗೆ ಮಾಡಿದ ತಳಿ. ಅವನು ಕೈಗೆ ಹತ್ತಿದ ಬಣ್ಣವನ್ನು ಬಹಳ ಹೊತ್ತು ನೋಡಿಕೊಂಡ. ಅವನು ಕೇಳಿದ ಪ್ರಶ್ನೆಗಳೆಲ್ಲ ಬೇರಿನವು, ನೀರಿನವು. ಬಾಟಲಿಯ ಮಾತನ್ನು ಅಲ್ಲಿ ಎತ್ತಲೇ ಇಲ್ಲ.

ಕಂಪನಿಯವರಿಗೆ ನಾವು ಹೇಳಿಕೊಟ್ಟಂತೆ ಅವನು ಮೂರು ಮಾತು ಕೇಳಿದ. ದರ ಎಷ್ಟು ವರ್ಷಕ್ಕೆ, ಹಣ ಕೊಯ್ಲಾದ ಎಷ್ಟು ದಿನಕ್ಕೆ, ನೀವು ತೆಗೆದುಕೊಳ್ಳದಿದ್ದರೆ ನಷ್ಟ ಯಾರದು. ಮೂರನ್ನೂ ಛಾಪಾ ಕಾಗದದ ಮೇಲೆ ಬರೆದುಕೊಡಿ ಎಂದ. ಮೊದಲ ಎರಡಕ್ಕೆ ಆಗಲಿ ಎಂದರು. ಮೂರನೆಯದಕ್ಕೆ ಮೇಲಿನವರನ್ನು ಕೇಳಿ ಹೇಳುತ್ತೇವೆಂದವರು ಮತ್ತೆ ಬರಲಿಲ್ಲ.

ದ್ರಾಕ್ಷಿಯಲ್ಲಿ ಒಂದು ಸೌಕರ್ಯವಿದೆ. ಮೊದಲು ಹಚ್ಚುವುದು ಡಾಗ್‌ರಿಜ್ ಎಂಬ ಕಾಡು ಬೇರಿನ ಗಿಡ, ಫೆಬ್ರವರಿಯಲ್ಲಿ. ಅದರ ಮೇಲೆ ಬೇಕಾದ ತಳಿಯ ಕಸಿ ಕಟ್ಟುವುದು ಆಗಸ್ಟ್ ಸೆಪ್ಟೆಂಬರಿನಲ್ಲಿ. ಆರು ತಿಂಗಳು ವಿಚಾರಕ್ಕೆ ಸಮಯವಿರುತ್ತದೆ. ಅವನು 2025ರ ಫೆಬ್ರವರಿಯಲ್ಲಿ ಒಂದು ಎಕರೆಗೆ ಬೇರಿನ ಗಿಡ ಹಚ್ಚಿಯೇ ಬಿಟ್ಟ. ಆಗಸ್ಟಿನ ತನಕ ಕಾಗದದ ದಾರಿ ಕಾದ. ಸೆಪ್ಟೆಂಬರಿನಲ್ಲಿ ಕಸಿ ಕಟ್ಟುವವರು ಬಂದಾಗ ಮಾಣಿಕ್ ಚಮನ್ ಕಡ್ಡಿಯನ್ನೇ ಕಟ್ಟಿಸಿದ. ಅದು ಅವರ ಕಡೆಯ ಒಣದ್ರಾಕ್ಷಿಯ ತಳಿ. ಬಾವಿಯ ಕಡೆಯ ನಾಲ್ಕು ಸಾಲಿಗೆ ಮಾತ್ರ ಶಿರಾಜ್.

ನಾಲ್ಕೇ ಸಾಲು ಯಾಕೋ ಎಂದು ಕೇಳಿದೆವು. "ನಾಕ ಸಾಲು ನಿಮ್ಮ ಸಲುವಾಗಿ ಮಾಮಾ, ಉಳದದ್ದು ಬ್ಯಾಂಕಿನ ಸಾಲದ ಸಲುವಾಗಿ" ಎಂದ. ಸಾಗರದ ಅಕ್ಕನಿಗೆ ಈ ಸುದ್ದಿ ತಲುಪಿದ ಕೂಡಲೆ ಹಣ್ಣು ಯಾವಾಗ ಎಂದು ವಿಚಾರಿಸಿದರು. 2027ರ ಫೆಬ್ರವರಿಗೆ ಅಷ್ಟಿಷ್ಟು ಗೊನೆ, ಪೂರ್ತಿ ಫಸಲು ಅದರ ಮರುವರ್ಷಕ್ಕಂತೆ. ಕೊಯ್ಯುವ ಮೊದಲು ತಮಗೊಂದು ಫೋನು ಮಾಡಬೇಕೆಂದೂ, ಸಿಪ್ಪೆ ಹಸಿಯಾಗಿದ್ದರೆ ಇನ್ನೊಂದು ವಾರ ಬಿಡಬೇಕೆಂದೂ ಅವರು ಹೇಳಿ ಕಳಿಸಿದ್ದಾರೆ.